ಪ್ರಾಸ್ಟೇಟ್ ಮತ್ತು ವೃಷಣದ ಸ್ಕ್ಯಾನಿಂಗ್: ಸಿದ್ಧತೆ ಹೇಗೆ, ರಿಪೋರ್ಟ್ ಓದುವುದು ಹೇಗೆ

ಸ್ಕ್ಯಾನಿಂಗ್ ಕೋಣೆಗೆ ಬರುವ ಗಂಡಸರಲ್ಲಿ ಅನೇಕರು, ಏನು ತೊಂದರೆ ಎಂದು ಕೇಳಿದರೆ, ‘ಚೀಟಿಯಲ್ಲಿ ಬರೆದಿದ್ದಾರೆ ನೋಡಿ’ ಎಂದು ಮುಖ ತಿರುಗಿಸಿಬಿಡುತ್ತಾರೆ. ಚೀಟಿಯಲ್ಲಿ ‘ಯುಎಸ್‌ಜಿ ಕೆಯುಬಿ ಪ್ರಾಸ್ಟೇಟ್’ (ಮೂತ್ರಪಿಂಡ, ಮೂತ್ರಕೋಶ, ಪ್ರಾಸ್ಟೇಟ್‌ಗಳ ಅಲ್ಟ್ರಾಸೌಂಡ್) ಎಂದೋ ‘ಸ್ಕ್ರೋಟಲ್ ಡಾಪ್ಲರ್’ (ವೃಷಣಚೀಲದ ರಕ್ತಸಂಚಾರ ನೋಡುವ ಸ್ಕ್ಯಾನ್) ಎಂದೋ ಒಂದು ಸಾಲು ಇರುತ್ತದೆಯೇ ಹೊರತು, ನೋವು ಯಾವ ಕಡೆ, ಎಷ್ಟು ದಿನದಿಂದ, ರಾತ್ರಿ ಮೂತ್ರಕ್ಕೆ ಎಷ್ಟು ಸಲ ಏಳಬೇಕಾಗುತ್ತದೆ ಎಂಬುದು ಇರುವುದಿಲ್ಲ. ಅಲ್ಟ್ರಾಸೌಂಡ್ ಎನ್ನುವುದು ಎಕ್ಸ್‌ರೇಯಂತೆ ಒಮ್ಮೆ ತೆಗೆದಿಟ್ಟು ಆಮೇಲೆ ನಿಧಾನವಾಗಿ ಓದುವ ಚಿತ್ರವಲ್ಲ. ಪ್ರೋಬ್ ಎಂಬ, ಮೈಮೇಲೆ ಆಡಿಸುವ ಸಾಧನವನ್ನು ಹಿಡಿದ ವೈದ್ಯರು ಆ ಹೊತ್ತಿನಲ್ಲಿ ಏನನ್ನು ಹುಡುಕುತ್ತಿದ್ದಾರೆ ಎಂಬುದರ ಮೇಲೆ ಅದರ ಫಲ ನಿಂತಿದೆ. ಆದ್ದರಿಂದ ಮೊದಲ ಸಿದ್ಧತೆಯೆಂದರೆ ಸಂಕೋಚ ಬಿಟ್ಟು ನಾಲ್ಕು ಮಾತು ಹೇಳುವುದು, ಹಳೆಯ ರಿಪೋರ್ಟುಗಳನ್ನೂ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯುವುದು.

ಪ್ರಾಸ್ಟೇಟ್ ಗ್ರಂಥಿಯು ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದುಕೊಂಡು ಕುಳಿತಿದೆ. ಶಬ್ದತರಂಗಗಳು ಗಾಳಿ ತುಂಬಿದ ಕರುಳನ್ನು ದಾಟಲಾರವು, ನೀರನ್ನು ಸಲೀಸಾಗಿ ದಾಟುತ್ತವೆ. ಹಾಗಾಗಿ ಹೊಟ್ಟೆಯ ಮೇಲಿನಿಂದ ನೋಡುವಾಗ ತುಂಬಿದ ಮೂತ್ರಕೋಶವೇ ಈ ಗ್ರಂಥಿಗೆ ಕಿಟಕಿಯಾಗುತ್ತದೆ. ಪರೀಕ್ಷೆಗೆ ಸುಮಾರು ಒಂದು ಗಂಟೆ ಮುಂಚೆ ಮೂರು ನಾಲ್ಕು ಲೋಟ ನೀರು ಕುಡಿದು ಮೂತ್ರ ವಿಸರ್ಜಿಸದೆ ಕಾಯುವುದು ವಾಡಿಕೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ನೀರನ್ನು ಅಳೆದು ಕುಡಿಯುವವರು ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು. ಮೂತ್ರವೇ ಕಟ್ಟಿಕೊಂಡು ಒದ್ದಾಡುತ್ತಿರುವವರಿಗಂತೂ ಇದು ಅನ್ವಯಿಸುವುದೇ ಇಲ್ಲ. ಸರದಿ ತಡವಾಯಿತೆಂದು ಬಾಟಲಿಯ ಮೇಲೆ ಬಾಟಲಿ ಖಾಲಿ ಮಾಡಿ, ಬೆಂಚಿನ ಮೇಲೆ ಕಾಲು ಬಿಗಿಹಿಡಿದು ಕುಳಿತಿರುವವರನ್ನು ದಿನವೂ ಕಾಣಬಹುದು. ಆ ಕಷ್ಟದಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಅತಿಯಾಗಿ ಹಿಗ್ಗಿದ ಮೂತ್ರಕೋಶವು ಆರೋಗ್ಯವಂತರಲ್ಲಿಯೂ ಒಂದೇ ಸಲಕ್ಕೆ ಪೂರ್ತಿ ಖಾಲಿಯಾಗುವುದಿಲ್ಲ, ಆಗ ಉಳಿಕೆ ಮೂತ್ರದ ಅಳತೆ ಸುಳ್ಳಾಗಿ ಹೆಚ್ಚು ಬರುತ್ತದೆ. ಮೂತ್ರ ಹೋಗಲೇಬೇಕು ಎನ್ನಿಸುವ, ಆದರೆ ಇನ್ನೂ ತಡೆದುಕೊಳ್ಳಬಹುದಾದ ಹಂತ ಸಾಕು.

ಉಳಿಕೆ ಮೂತ್ರವನ್ನು ರಿಪೋರ್ಟಿನಲ್ಲಿ ಪಿವಿಆರ್ ಎಂದು ಬರೆಯುತ್ತಾರೆ. ಮೊದಲ ನೋಟ ಮುಗಿದ ಮೇಲೆ ಮೂತ್ರ ಮಾಡಿ ಬರಲು ಹೇಳಿ, ಎಷ್ಟು ಉಳಿದಿದೆ ಎಂದು ಮತ್ತೆ ಅಳೆಯುತ್ತಾರೆ. 50 ಮಿ.ಲೀ.ಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, 200 ಮಿ.ಲೀ. ದಾಟಿದರೆ ಮೂತ್ರಕೋಶ ಸರಿಯಾಗಿ ಖಾಲಿಯಾಗುತ್ತಿಲ್ಲ ಎಂದು ತಿಳಿಯಬೇಕು. ಹೊರಗೆ ಜನ ಕಾಯುತ್ತಿದ್ದಾರೆಂದು ಅವಸರದಲ್ಲಿ ಅರ್ಧ ಮಾಡಿ ಬಂದಿದ್ದರೆ ಅದನ್ನು ಹೇಳಿಬಿಡಿ, ಇನ್ನೊಮ್ಮೆ ಹೋಗಿ ಬಂದು ಅಳೆಸಿಕೊಳ್ಳಿ.

ರಿಪೋರ್ಟ್ ಕೈಗೆ ಬಂದೊಡನೆ ಎಲ್ಲರ ಕಣ್ಣು ಹೋಗುವುದು ಗ್ರಂಥಿಯ ಗಾತ್ರದತ್ತ. ಉದ್ದ, ಅಗಲ, ದಪ್ಪಗಳನ್ನು ಗುಣಿಸಿ 0.52ರಿಂದ ಮತ್ತೆ ಗುಣಿಸಿದರೆ ಗಾತ್ರ ಸಿಗುತ್ತದೆ: 4.8, 4.2 ಮತ್ತು 4.5 ಸೆಂ.ಮೀ. ಇದ್ದರೆ ಸುಮಾರು 47 ಸಿಸಿ. ತರುಣರಲ್ಲಿ ಇದು 20 ಸಿಸಿಯ ಆಸುಪಾಸಿನಲ್ಲಿರುತ್ತದೆ. ವಯಸ್ಸಾದಂತೆ ಮೂತ್ರನಾಳದ ಸುತ್ತಲಿನ ಒಳಭಾಗ ಬೆಳೆಯುವುದು ಕೂದಲು ನರೆಯುವಷ್ಟೇ ಸಹಜ. ಆದರೆ ಗಾತ್ರಕ್ಕೂ ತೊಂದರೆಗೂ ನೇರ ಲೆಕ್ಕವಿಲ್ಲ. 80 ಸಿಸಿ ಇದ್ದೂ ನಿಶ್ಚಿಂತೆಯಿಂದ ನಿದ್ದೆ ಮಾಡುವವರಿದ್ದಾರೆ, 30 ಸಿಸಿಗೇ ರಾತ್ರಿ ಐದು ಸಲ ಏಳುವವರಿದ್ದಾರೆ. ಗ್ರಂಥಿಯು ಮೂತ್ರಕೋಶದೊಳಕ್ಕೆ ಎಷ್ಟು ಚಾಚಿಕೊಂಡಿದೆ, ಅಂದರೆ 10 ಮಿ.ಮೀ.ಗಿಂತ ಹೆಚ್ಚೇ, ಮೂತ್ರಕೋಶದ ಗೋಡೆ ದಪ್ಪವಾಗಿದೆಯೇ, ಒಳಗೆ ಕಲ್ಲು ಕಟ್ಟಿದೆಯೇ, ಮೂತ್ರಪಿಂಡಗಳು ಊದಿಕೊಂಡಿವೆಯೇ ಎಂಬ ಸಾಲುಗಳನ್ನು ಗಾತ್ರಕ್ಕಿಂತ ಮೊದಲು ಓದಬೇಕೆಂಬುದು ನನ್ನ ಅಭಿಪ್ರಾಯ. ‘ಆರು ತಿಂಗಳು ಮಾತ್ರೆ ನುಂಗಿದೆ, ಸೈಜು ಇಳಿದೇ ಇಲ್ಲ’ ಎಂಬ ದೂರು ಸಾಮಾನ್ಯವಾಗಿ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರದು. ಆ ಮಾತ್ರೆ ಸ್ನಾಯುವನ್ನು ಸಡಿಲಿಸಿ ದಾರಿ ಬಿಡಿಸುತ್ತದೆಯೇ ಹೊರತು ಗ್ರಂಥಿಯನ್ನು ಕುಗ್ಗಿಸುವುದಿಲ್ಲ. ಕುಗ್ಗಿಸುವುದು ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆಗಳು. ಅವು ತಿಂಗಳುಗಳು ಕಳೆದಂತೆ ರಕ್ತದಲ್ಲಿನ ಪಿಎಸ್‌ಎ (ಪ್ರಾಸ್ಟೇಟ್ ಸ್ರವಿಸುವ ಪ್ರೋಟೀನ್, ಕ್ಯಾನ್ಸರಿನ ಸುಳಿವಿಗಾಗಿ ಅಳೆಯುವುದು) ಮಟ್ಟವನ್ನೂ ಸುಮಾರು ಅರ್ಧಕ್ಕೆ ಇಳಿಸುವುದರಿಂದ, ಅವನ್ನು ನುಂಗುತ್ತಿರುವ ಸಂಗತಿ ವೈದ್ಯರಿಗೆ ಗೊತ್ತಿರಲೇಬೇಕು.

ಹೊಟ್ಟೆಯ ಮೇಲಿನ ಸ್ಕ್ಯಾನಿಂಗ್ ಕ್ಯಾನ್ಸರ್ ಇಲ್ಲವೆಂದು ಹೇಳಲಾರದು. ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಗುದನಾಳಕ್ಕೆ ತಾಗಿರುವ ಹೊರವಲಯದಲ್ಲಿ, ಮತ್ತು ಎಷ್ಟೋ ಗಂಟುಗಳು ಸುತ್ತಲಿನ ಅಂಗಾಂಶದಂತೆಯೇ ಕಾಣುತ್ತವೆ. ಪಿಎಸ್‌ಎ ಹೆಚ್ಚಿದ್ದಾಗ ಎಂಆರ್‌ಐ, ಅಗತ್ಯಬಿದ್ದರೆ ಬಯಾಪ್ಸಿ (ಅಂಗಾಂಶದ ಚೂರು ತೆಗೆದು ಪರೀಕ್ಷಿಸುವುದು) ಎಂಬುದು ಈಗಿನ ಕ್ರಮ. ಬಯಾಪ್ಸಿಯ ಸೂಜಿಗೆ ದಾರಿ ತೋರಿಸಲು ಬೆರಳಿಗಿಂತ ಸ್ವಲ್ಪ ದಪ್ಪನಾದ ಪ್ರೋಬನ್ನು ಗುದದ್ವಾರದ ಮೂಲಕ ಇಡುತ್ತಾರೆ. ಜಪಾನಿನ ಹಿರೋಕಿ ವಾತಾನಬೆಯವರು ಈ ವಿಧಾನವನ್ನು ಬಳಕೆಗೆ ತಂದಾಗ ರೋಗಿಯು ಪ್ರೋಬ್ ಜೋಡಿಸಿದ ಕುರ್ಚಿಯ ಮೇಲೆ ಕುಳಿತುಕೊಳ್ಳಬೇಕಿತ್ತು. ಈಗ ಎಡಮಗ್ಗುಲಾಗಿ ಮಲಗಿ ಮೊಣಕಾಲು ಮಡಚಿಕೊಂಡರೆ ಸಾಕು. ಮಲಬದ್ಧತೆಯಿಲ್ಲದಂತೆ ನೋಡಿಕೊಳ್ಳಬೇಕು. ಬಯಾಪ್ಸಿ ಇದ್ದರೆ ರಕ್ತ ತೆಳುಗೊಳಿಸುವ ಮಾತ್ರೆಗಳ ಬಗ್ಗೆ ಮುಂಚಿತವಾಗಿ ತಿಳಿಸಬೇಕು, ಆದರೆ ಅವನ್ನು ತಾವಾಗಿಯೇ ನಿಲ್ಲಿಸಬಾರದು. ಪಿಎಸ್‌ಎಗೆ ರಕ್ತ ಕೊಡುವುದಿದ್ದರೆ ಈ ಪರೀಕ್ಷೆಗಿಂತ ಮೊದಲೇ ಕೊಡುವುದು ಒಳ್ಳೆಯದು.

ವೃಷಣದ ಸ್ಕ್ಯಾನಿಂಗ್‌ಗೆ ನೀರು ಕುಡಿಯುವ, ಉಪವಾಸವಿರುವ ಗೋಜಿಲ್ಲ. ಆದರೆ ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಹುಡುಗನಿಗೆ ಅಥವಾ ಯುವಕನಿಗೆ ಇದ್ದಕ್ಕಿದ್ದಂತೆ ಒಂದು ಕಡೆಯ ವೃಷಣದಲ್ಲಿ ತೀವ್ರ ನೋವು ಕಾಣಿಸಿಕೊಂಡು ವಾಂತಿಯಾಗುತ್ತಿದ್ದರೆ ಸ್ಕ್ಯಾನಿಂಗ್ ಸೆಂಟರ್ ಹುಡುಕುತ್ತಾ ಅಲೆಯದೆ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಬೇಕು. ವೃಷಣವು ತನ್ನ ತೊಟ್ಟಿನ ಮೇಲೆ ತಿರುಚಿಕೊಂಡರೆ ರಕ್ತ ಹರಿಯುವುದು ನಿಲ್ಲುತ್ತದೆ. 6 ಗಂಟೆಯೊಳಗೆ ಬಿಡಿಸಿದರೆ ಬಹುತೇಕ ಉಳಿಯುತ್ತದೆ, 24 ಗಂಟೆ ಕಳೆದರೆ ಉಳಿಯುವುದು ಅಪರೂಪ. ಹದಿಹರೆಯದವರು ನಾಚಿಕೆಯಿಂದ ‘ಹೊಟ್ಟೆನೋವು’ ಎಂದಷ್ಟೇ ಹೇಳುವುದುಂಟು. ಅಮ್ಮನಿಗೆ ಹೇಳಲಾರದ್ದನ್ನು ಅಪ್ಪನೋ ಅಣ್ಣನೋ ಮೆಲ್ಲಗೆ ಕೇಳಿ ತಿಳಿಯಬೇಕು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್‌ನಲ್ಲಿ ಬಣ್ಣ ಕಾಣದಿದ್ದರೆ ತಿರುಚಿಕೊಂಡಿದೆ ಎಂದು ಊಹಿಸಬಹುದಾದರೂ, ಅರೆತಿರುಚಿನಲ್ಲಿ ಸ್ವಲ್ಪ ರಕ್ತಸಂಚಾರ ಕಾಣಬಹುದಾದ್ದರಿಂದ ಅನುಮಾನವಿದ್ದರೆ ವೈದ್ಯರು ಯಂತ್ರಕ್ಕಾಗಿ ಕಾಯದೆ ತೆರೆದು ನೋಡುತ್ತಾರೆ.

ಉಳಿದ ಸಂದರ್ಭಗಳಲ್ಲಿ ಪರೀಕ್ಷೆ ನಿಧಾನವಾಗಿಯೇ ನಡೆಯುತ್ತದೆ. ಅಂಗಾತ ಮಲಗಿಸಿ, ವೃಷಣಚೀಲದ ಕೆಳಗೆ ಮಡಚಿದ ಟವೆಲ್ ಇಟ್ಟು, ಜೆಲ್ ಹಚ್ಚಿ, ಹೆಚ್ಚು ಕಂಪನಾಂಕದ ಚಪ್ಪಟೆ ಪ್ರೋಬಿನಿಂದ ಮೊದಲು ನೋವಿಲ್ಲದ ಕಡೆ ನೋಡುತ್ತಾರೆ. ಅದು ಆ ವ್ಯಕ್ತಿಯದೇ ಅಳತೆಗೋಲು. ಆಮೇಲೆ ನಿಲ್ಲಿಸಿ, ಮೂಗು ಬಾಯಿ ಮುಚ್ಚಿ ಮುಕ್ಕಲು ಹೇಳಿದರೆ ಗಾಬರಿ ಬೇಡ. ವೆರಿಕೋಸೀಲ್ ಎಂಬ ಉಬ್ಬಿದ ರಕ್ತನಾಳಗಳು ಮಲಗಿದಾಗ ಅಡಗಿ, ಮುಕ್ಕಿದಾಗ 3 ಮಿ.ಮೀ. ಮೀರಿ ಹಿಗ್ಗುತ್ತವೆ, ರಕ್ತ ಹಿಮ್ಮುಖವಾಗಿ ಹರಿಯುತ್ತದೆ. ಇದು ಹೆಚ್ಚಾಗಿ ಎಡಗಡೆಯ ಕಾಯಿಲೆ, ಏಕೆಂದರೆ ಎಡ ವೃಷಣದ ರಕ್ತನಾಳವು ಮೂತ್ರಪಿಂಡದ ರಕ್ತನಾಳವನ್ನು ಲಂಬಕೋನದಲ್ಲಿ ಸೇರುತ್ತದೆ. ಬಲಗಡೆ ಮಾತ್ರ ಹೊಸದಾಗಿ ಕಂಡರೆ ಹೊಟ್ಟೆಯನ್ನೂ ಸ್ಕ್ಯಾನ್ ಮಾಡಿಸಬೇಕು.

ಜ್ವರ, ಉರಿಮೂತ್ರದೊಂದಿಗೆ ಎರಡು ಮೂರು ದಿನಗಳಲ್ಲಿ ಏರಿದ ನೋವಿದ್ದು, ಡಾಪ್ಲರ್‌ನಲ್ಲಿ ರಕ್ತಸಂಚಾರ ಹೆಚ್ಚಿದ್ದರೆ ಅದು ಸೋಂಕಿನ ಲಕ್ಷಣ. ಎಪಿಡಿಡಿಮಿಸ್‌ನ (ವೃಷಣದ ಹಿಂಬದಿಗೆ ಅಂಟಿಕೊಂಡ, ವೀರ್ಯಾಣು ಸಾಗುವ ಸುರುಳಿನಾಳದ) ಸಣ್ಣ ನೀರುಗುಳ್ಳೆಗೆ ಚಿಕಿತ್ಸೆಯೇ ಬೇಕಿಲ್ಲ. ಹೈಡ್ರೋಸೀಲ್ ಎಂದರೆ ವೃಷಣದ ಸುತ್ತ ನೀರು ತುಂಬುವುದು; ಪರದೆಯ ಮೇಲೆ ಅದು ಕಪ್ಪಾಗಿ ಕಾಣುತ್ತದೆ. ಆನೆಕಾಲು ರೋಗದ ಹಾವಳಿ ಕಂಡ ಕಲಬುರಗಿ, ಯಾದಗಿರಿ, ಬೀದರ್ ಕಡೆಯ ರೋಗಿಯಾದರೆ ಅನುಭವಿ ವೈದ್ಯರು ಅಷ್ಟಕ್ಕೇ ನಿಲ್ಲದೆ, ಹಿಗ್ಗಿದ ದುಗ್ಧರಸನಾಳಗಳ (ಲಿಂಫ್ ನಾಳಗಳ) ಮೇಲೆ ಪ್ರೋಬನ್ನು ಅಲುಗಿಸದೆ ಹಿಡಿದು ಕಾಯುತ್ತಾರೆ. ದಾರದ ಎಳೆಗಳಂಥ ಜೀವಂತ ಹುಳುಗಳು ಅಲ್ಲೇ ಹೊರಳಾಡುವುದು ಕಂಡರೆ ಅದನ್ನು ‘ಫೈಲೇರಿಯಲ್ ಡಾನ್ಸ್’ ಎನ್ನುತ್ತಾರೆ. ಒಮ್ಮೆ ಕಂಡವರು ಆ ನೋಟವನ್ನು ಮರೆಯುವುದಿಲ್ಲ.

ನೋವಿಲ್ಲದ ಗಂಟೆಂದು ಅಸಡ್ಡೆ ಮಾಡುವುದು ದೊಡ್ಡ ತಪ್ಪು. ವೃಷಣದ ಹೊರಗಿನ ಗಂಟು ಸಾಮಾನ್ಯವಾಗಿ ನಿರುಪದ್ರವಿ. ಒಳಗಿನ ಗಟ್ಟಿ ಗಂಟನ್ನು, ಅದರಲ್ಲೂ 15ರಿಂದ 40ರೊಳಗಿನವರಲ್ಲಿ, ಬೇರೆ ಕಾರಣ ಸಾಬೀತಾಗುವವರೆಗೆ ಕ್ಯಾನ್ಸರ್ ಎಂದೇ ಪರಿಗಣಿಸುತ್ತಾರೆ. ಗಂಟು ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಅಲ್ಟ್ರಾಸೌಂಡ್ ಬಹಳ ಖಚಿತವಾಗಿ ತಿಳಿಸುತ್ತದೆ. ಒಳಗಿದ್ದರೆ ಮುಂದಿನ ಹೆಜ್ಜೆ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಎಂಬ ರಕ್ತಪರೀಕ್ಷೆಗಳು. ಚೀಲದ ಮೂಲಕ ಸೂಜಿ ಚುಚ್ಚಿಸಿಕೊಳ್ಳಲು ಮಾತ್ರ ಒಪ್ಪಬಾರದು. ಜೀವಕೋಶಗಳು ಬೇರೆಡೆ ಹರಡದಿರಲೆಂದು ಶಸ್ತ್ರಚಿಕಿತ್ಸೆಯನ್ನು ತೊಡೆಸಂದಿನ ಮೂಲಕವೇ ಮಾಡುತ್ತಾರೆ. ಮುಂದೆ ಮಕ್ಕಳು ಬೇಕೆನ್ನುವವರು ಅದಕ್ಕೂ ಮೊದಲು ವೀರ್ಯ ಸಂಗ್ರಹಿಸಿಡುವ ಬಗ್ಗೆ ಯೂರಾಲಜಿಸ್ಟ್ ಬಳಿ ವಿಚಾರಿಸಬೇಕು.