ಯುದ್ಧ ಬೇಡ, ನಮ್ಮ ಹುಡುಗ ಬೇಕು

2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಆ ನಾಲ್ಕು ದಿನದ ಯುದ್ಧ ನಡೆಯುತ್ತಿದ್ದಾಗ ನಮ್ಮ ಬೀದಿಯ ಹುಡುಗಿಯೊಬ್ಬಳು ಅಳುತ್ತಾ ನನ್ನ ಮನೆಗೆ ಬಂದಳು. ಹಾಸನದಲ್ಲಿ ಡಿಗ್ರಿ ಓದುತ್ತಿದ್ದಾಳೆ. ‘ಯುದ್ಧ ಬೇಡ’ ಅಂತ ವಾಟ್ಸಾಪ್ ಸ್ಟೇಟಸ್ ಹಾಕಿದ್ದಳಂತೆ. ಅವರ ಹಿತ್ತಲ ಪಕ್ಕದ ಮನೆಯ ಹುಡುಗ ಜಮ್ಮು ಕಡೆ ಡ್ಯೂಟಿಯಲ್ಲಿದ್ದ. ಅವನ ತಾಯಿ ಅದನ್ನು ನೋಡಿ ಇವಳ ಜೊತೆ ಮಾತು ಬಿಟ್ಟಿದ್ದರು.

“ದೊಡ್ಡಮ್ಮ, ಅವನಿಗೆ ಏನೂ ಆಗಬಾರದು ಅಂತ ತಾನೇ ನಾನು ಹಾಕಿದ್ದು? ಈಗ ಏನು ಮಾಡಲಿ?” ಅಂದಳು.

ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯುದ್ಧವನ್ನು ಒಪ್ಪದೆ ಸೈನಿಕನ ಜೊತೆ ನಿಲ್ಲುವುದು ಸಾಧ್ಯ. ಆದರೆ ಅದು ಮಾತಿನ ಕೆಲಸ ಅಲ್ಲ, ಕೈಯ ಕೆಲಸ.

ನಾನು ಹಾಸನದ ದುದ್ದ ಕಡೆಯ ಹಳ್ಳಿಯವಳು. 40 ವರ್ಷ ಊರಿನ ಬ್ರಾಂಚ್ ಪೋಸ್ಟ್ ಆಫೀಸು ನೋಡಿಕೊಂಡೆ. ಮಿಲಿಟ್ರಿ ಹುಡುಗರ ಮನಿಯಾರ್ಡರ್, ಕಾಗದ ಎಲ್ಲ ನನ್ನ ಕೈ ಮೇಲೇ ಹೋಗಿದ್ದು. ಓದಲು ಬಾರದ ತಾಯಂದಿರಿಗೆ ಓದಿ ಹೇಳಿದ್ದೂ ನಾನೇ. ನನ್ನ ಅಣ್ಣ ಮದ್ರಾಸ್ ರೆಜಿಮೆಂಟಿನಲ್ಲಿದ್ದ. ಅವನನ್ನು ಶ್ರೀಲಂಕಾಕ್ಕೆ ಕಳಿಸಿದರು.

ಆ ಕಥೆ ಈಗಿನವರಿಗೆ ಗೊತ್ತಿಲ್ಲ. 1987ರ ಜುಲೈ 29ರಂದು ನಮ್ಮ ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದ ಮಾಡಿಕೊಂಡರು. ನಮ್ಮ ಸೈನ್ಯ ಶಾಂತಿ ಪಡೆ ಅನ್ನುವ ಹೆಸರಿನಲ್ಲಿ ಹೋಯಿತು. ಎರಡೂವರೆ ತಿಂಗಳಲ್ಲಿ, ಅಕ್ಟೋಬರ್‌ನಲ್ಲಿ, ಅದೇ ಪಡೆ ಅಲ್ಲಿ ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಜೊತೆ ಯುದ್ಧಕ್ಕಿಳಿಯಿತು. ಕೊನೆಯ ತುಕಡಿ ವಾಪಸ್ ಬಂದಿದ್ದು 1990ರ ಮಾರ್ಚ್ 24ಕ್ಕೆ. ಅಷ್ಟರಲ್ಲಿ ನಮ್ಮ ಕಡೆಯವರೇ ಸುಮಾರು 1,200 ಜನ ಸತ್ತಿದ್ದರು. ಮದ್ರಾಸಿನ ಬಂದರಿಗೆ ಬಂದವರನ್ನು ಬರಮಾಡಿಕೊಳ್ಳಲು ಅಲ್ಲಿನ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ತಮಿಳರ ಮೇಲೆ ಯುದ್ಧ ಮಾಡಿದ ಸೈನ್ಯ ಅನ್ನುವ ಸಿಟ್ಟು ಅವರಿಗೆ.

ಆ ಯುದ್ಧ ತಪ್ಪು ಅಂತ ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಅಣ್ಣ ಅರಸೀಕೆರೆಯಲ್ಲಿ ರೈಲಿಳಿದು, ಟ್ರಂಕು ಹೊತ್ತು, ಬಸ್ಸು ಹಿಡಿದು ಮನೆಗೆ ಬಂದ. ಎರಡನೇ ದಿನ ರಾತ್ರಿ ಊಟಕ್ಕೆ ಕೂತಿದ್ದಾಗ ನಾನು ಕೇಳಿಬಿಟ್ಟೆ: “ಅಣ್ಣ, ನೀವು ಅಲ್ಲಿಗೆ ಯಾಕಾದರೂ ಹೋದಿರಿ?” ಅವನು ಮುದ್ದೆ ಅರ್ಧಕ್ಕೆ ಬಿಟ್ಟು ಎದ್ದ. ಕೈ ತೊಳೆದು ಹಿತ್ತಲಲ್ಲಿ ನಿಂತ. ಬೆಳಗಿನವರೆಗೂ ಒಳಗೆ ಬರಲಿಲ್ಲ. ಆಮೇಲೆ ಹನ್ನೊಂದು ವರ್ಷ ಆ ವಿಷಯ ನಮ್ಮಿಬ್ಬರ ನಡುವೆ ಬರಲೇ ಇಲ್ಲ.

ನನ್ನ ಪ್ರಶ್ನೆ ತಪ್ಪಲ್ಲ. ವಿಳಾಸ ತಪ್ಪು. ಹೋಗಬೇಕು ಅಂತ ತೀರ್ಮಾನ ಮಾಡಿದ್ದು ಅವನಲ್ಲ. ಅದು ದೆಹಲಿಗೆ ಹೋಗಬೇಕಾದ ಕಾಗದ. ನಾನು ಅದನ್ನು ಅಣ್ಣನ ತಟ್ಟೆಗೆ ಹಾಕಿದೆ.

ಹಾಗಾಗಿ ಮೊದಲು ವಿಳಾಸ ಸರಿ ಮಾಡಿಕೊಳ್ಳಿ. ಯುದ್ಧದ ತೀರ್ಮಾನ ಕೇಂದ್ರ ಸಚಿವ ಸಂಪುಟದ್ದು. ಅವರನ್ನು ಕೇಳುವ ಹಕ್ಕು ನಿಮ್ಮ ಸಂಸದರಿಗಿದೆ, ಸಂಸದರನ್ನು ಕೇಳುವ ಹಕ್ಕು ನಿಮಗಿದೆ. 50 ಪೈಸೆಯ ಕಾರ್ಡು ಸಾಕು. ಸಂಸದರ ಹೆಸರು, ಲೋಕಸಭೆ, ಸಂಸತ್ ಭವನ, ನವದೆಹಲಿ 110001. ಬೈಗುಳ ಬೇಡ, ಪ್ರಶ್ನೆ ಬರೆಯಿರಿ. ಈ ಯುದ್ಧದಿಂದ ಏನು ಆಗಬೇಕು ಅಂತ ಇದೆ? ಅದು ಆಯಿತು ಅಂತ ಹೇಗೆ ಗೊತ್ತಾಗುತ್ತದೆ? ಎದುರು ಕಡೆಯವರ ಜೊತೆ ಯಾರು ಮಾತಾಡುತ್ತಿದ್ದಾರೆ? ನಮ್ಮ ಹುಡುಗರು ಯಾವಾಗ ಮನೆಗೆ ಬರುತ್ತಾರೆ? ಕ್ಷೇತ್ರಕ್ಕೆ ಬಂದಾಗ ಎದ್ದು ನಿಂತು ಇದನ್ನೇ ಕೇಳಿ.

ಸೈನಿಕನನ್ನು ಮಾತ್ರ ನಿಮ್ಮ ಪರ ಸಾಕ್ಷಿ ಮಾಡಿಕೊಳ್ಳಬೇಡಿ. “ನೀನೇ ಹೇಳು, ಈ ಯುದ್ಧ ಸರಿನಾ?” ಅಂತ ನಾಲ್ಕು ಜನರ ಮುಂದೆ ಕೇಳಬೇಡಿ, ವಿಡಿಯೊ ಮಾಡಿ ಹಂಚಬೇಡಿ. ನಮಗಿರುವಷ್ಟು ಮಾತಿನ ಸ್ವಾತಂತ್ರ್ಯ ಅವನಿಗಿಲ್ಲ. ಸಂವಿಧಾನದ 33ನೇ ವಿಧಿ, 1950ರ ಸೇನಾ ಕಾಯ್ದೆಯ 21ನೇ ಸೆಕ್ಷನ್ ಅವನ ಬಾಯಿಗೆ ಮಿತಿ ಹಾಕಿವೆ. ನಿಮ್ಮ ಒಂದು ವಿಡಿಯೊದಿಂದ ಅವನ ಕೆಲಸಕ್ಕೇ ಕುತ್ತು ಬರಬಹುದು. ಅವನು ಮಾತಾಡಲಾಗದ ಕಡೆ ನಾವು ಮಾತಾಡಬೇಕು, ಅಷ್ಟೇ.

ಇನ್ನು ಕಾಗದ. ಫೋನು ಇರುವಾಗ ಕಾಗದ ಯಾಕೆ ಅನ್ನಬೇಡಿ. ಪರಿಸ್ಥಿತಿ ಬಿಗಿಯಾದಾಗ ಮೊದಲು ನಿಲ್ಲುವುದು ಫೋನೇ. ಕಾಗದ ತಡವಾದರೂ ಸೇರುತ್ತದೆ, ಮತ್ತೆ ಮತ್ತೆ ಓದಲು ಸಿಗುತ್ತದೆ. ವಿಳಾಸದಲ್ಲಿ ಅವನ ನಂಬರು, ರ‍್ಯಾಂಕು, ಹೆಸರು, ಕಂಪನಿ, ಯೂನಿಟ್, ಕೊನೆಗೆ ‘ಕೇರ್ ಆಫ್ 56 ಎಪಿಒ’. ಎಪಿಒ ಅಂದರೆ ಸೇನೆಯ ಅಂಚೆ ಕಚೇರಿ. ಈಶಾನ್ಯದ ಕಡೆ ಇದ್ದರೆ 99 ಎಪಿಒ. ಊರಿನ ಹೆಸರು, ರಾಜ್ಯದ ಹೆಸರು ಬರೆಯಲೇಬಾರದು. ಯೂನಿಟ್ ಎಲ್ಲಿದೆ ಅಂತ ಸೇನೆಯ ಅಂಚೆಗೆ ಗೊತ್ತಿರುತ್ತದೆ, ನಮಗೆ ಗೊತ್ತಿರಬೇಕಾಗಿಲ್ಲ. ಅವನನ್ನೂ ಕೇಳಬೇಡಿ.

ಒಳಗೆ ಏನು ಬರೆಯುವುದು? ‘ಗೆದ್ದು ಬಾ’ ಅಂತ ಬೇಡ. ನೀವು ನಂಬದ ಮಾತು ಕಾಗದದಲ್ಲಿ ಗೊತ್ತಾಗಿಬಿಡುತ್ತದೆ. ‘ಈ ಯುದ್ಧ ತಪ್ಪು’ ಅಂತಲೂ ಬೇಡ, ರಾತ್ರಿ ಪಹರೆಗೆ ಹೋಗುವವನಿಗೆ ಅದರಿಂದ ಏನೂ ಉಪಯೋಗ ಇಲ್ಲ. ಊರಿನ ಸುದ್ದಿ ಬರೆಯಿರಿ. ಕೆರೆಗೆ ಎಷ್ಟು ನೀರು ಬಂತು, ಹಸು ಏನು ಕರು ಹಾಕಿತು, ಯಾರ ಮದುವೆ ಗೊತ್ತಾಯಿತು, ರಾಗಿ ಹೇಗಿದೆ. ನಮ್ಮೂರಿನ ಒಬ್ಬ ತಾಯಿ ಪ್ರತಿ ಕಾಗದದಲ್ಲೂ ಮನೆ ನಾಯಿಯ ಬಗ್ಗೆ ಎರಡು ಸಾಲು ಬರೆಸುತ್ತಿದ್ದರು. ಒಂದು ಸಲ ಬಿಟ್ಟುಹೋಯಿತು. ಮಗನ ಉತ್ತರದಲ್ಲಿ ಮೊದಲ ಸಾಲೇ ‘ನಾಯಿ ಸತ್ತುಹೋಯಿತಾ?’

ಪಾರ್ಸಲಿಗೆ ಉಪ್ಪಿನಕಾಯಿ ಬೇಡ, ಎಣ್ಣೆ ಸೋರಿ ಬೇರೆಯವರ ಕಾಗದವೂ ಹಾಳಾಗುತ್ತದೆ. ಹುರಿಹಿಟ್ಟು, ಚಟ್ನಿಪುಡಿ, ಕೋಡುಬಳೆ, ನಿಪ್ಪಟ್ಟು ಕಳಿಸಿ. ಡಬ್ಬಿಯಲ್ಲಿ ಅಲುಗಾಡದ ಹಾಗೆ ತುಂಬಿ ಬಟ್ಟೆ ಹೊಲಿಯಿರಿ. ಹತ್ತು ಜನಕ್ಕೆ ಆಗುವಷ್ಟು ಕಳಿಸಿ, ಅವನು ಒಬ್ಬನೇ ತಿನ್ನುವುದಿಲ್ಲ.

ಆ ಹುಡುಗಿಗೆ ನಾನು ಮೊದಲು ಹೇಳಿದ್ದು ಇದ್ಯಾವುದೂ ಅಲ್ಲ. “ನಡಿ, ಅವರ ಮನೆಗೆ ಹೋಗೋಣ” ಅಂದೆ. ಹೋದಾಗ ಸೈನಿಕ ಹುಡುಗನ ಅಪ್ಪ ಟಿವಿ ಮುಂದೆ ಕೂತಿದ್ದರು. ಆ ದಿನಗಳಲ್ಲಿ ಟಿವಿಯಲ್ಲಿ ಆಗದೇ ಇದ್ದದ್ದೆಲ್ಲ ಆಯಿತು ಅಂತ ಬರುತ್ತಿತ್ತು. ಪಡಸಾಲೆಯಲ್ಲಿ ಹಾಸನದ ಎಪಿಎಂಸಿಯಿಂದ ತಂದ ಬಿತ್ತನೆ ಆಲೂಗಡ್ಡೆ ಮೂಟೆಗಳು ಹಾಗೇ ಇದ್ದವು, ಮೊಳಕೆ ಬಂದಿತ್ತು. ಮಳೆ ಬಿದ್ದು ಹೊಲ ಹದವಾಗಿತ್ತು. ಮಗನಿಂದ ಮೂರು ದಿನ ಫೋನಿಲ್ಲ. ಅಪ್ಪನಿಗೆ ಏಳಲು ಮನಸ್ಸಿಲ್ಲ.

ನಾವು ಯುದ್ಧದ ಮಾತೇ ಎತ್ತಲಿಲ್ಲ. ಹುಡುಗಿ ಕುಡುಗೋಲು ತಗೊಂಡು ಕೂತು ಕಣ್ಣು ಬಿಟ್ಟ ಕಡೆ ನೋಡಿ ಗೆಡ್ಡೆ ಕತ್ತರಿಸತೊಡಗಿದಳು. ಸ್ವಲ್ಪ ಹೊತ್ತಿಗೆ ತಾಯಿ ಬಂದು “ಅಷ್ಟು ಸಣ್ಣ ಮಾಡಬೇಡ ಕಣೇ, ಕೊಳೆತು ಹೋಗುತ್ತೆ” ಅಂದರು. ಮಾತು ಶುರುವಾಗಿದ್ದು ಹಾಗೆ. ಎರಡು ದಿನದಲ್ಲಿ ಬಿತ್ತನೆ ಮುಗಿಯಿತು. ಡೇರಿಗೆ ಹಾಲು ಹಾಕಿ ಬರುವ ಕೆಲಸ ಹುಡುಗಿಯ ತಮ್ಮ ವಹಿಸಿಕೊಂಡ. ಮನೆಯಲ್ಲಿ ಟಿವಿ ಆರಿಸಿ ಅಂತ ಹೇಳುವುದಕ್ಕಿಂತ ಅವರನ್ನು ಹೊಲಕ್ಕೆ ಕರೆದುಕೊಂಡು ಹೋಗುವುದು ಸುಲಭ.

ಆಮೇಲೆ ಕಾಗದಪತ್ರ. ಬೇಜಾರಿನ ಕೆಲಸ, ಆದರೆ ಇದರಷ್ಟು ಉಪಕಾರ ಬೇರೆ ಇಲ್ಲ. ಹುಡುಗ ಮದುವೆಯಾದರೆ, ಮಗು ಹುಟ್ಟಿದರೆ ಅದು ಯೂನಿಟಿನ ಮೂಲಕ ‘ಪಾರ್ಟ್ ಟು ಆರ್ಡರ್’ ಆಗಿ ದಾಖಲಾಗಬೇಕು. ಎಷ್ಟೋ ಹುಡುಗರು ರಜೆಯಲ್ಲಿ ಮದುವೆಯಾಗಿ ಹೋಗುತ್ತಾರೆ, ಮಾಡಿಸುವುದು ಮರೆಯುತ್ತಾರೆ. ಹೆಂಡತಿಯ ಹೆಸರು ಆಧಾರ್‌ನಲ್ಲಿ ಒಂದು ಥರ, ಸೇನೆಯ ದಾಖಲೆಯಲ್ಲಿ ಒಂದು ಥರ ಇದ್ದರೆ ಪೆನ್ಷನ್ ನಿಲ್ಲುತ್ತದೆ. ನಮ್ಮ ಕಡೆಯ ಒಬ್ಬ ಹೆಣ್ಣುಮಗಳು ಬರೀ ಒಂದು ಅಕ್ಷರಕ್ಕಾಗಿ ಎರಡು ವರ್ಷ ಓಡಾಡಿದಳು. ಹುಡುಗ ರಜೆಗೆ ಬಂದಾಗಲೇ ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಕುಟುಂಬ ಪೆನ್ಷನ್‌ನಲ್ಲೂ ಬೇರೆ ಬೇರೆ ಬಗೆ ಇವೆ. ಯುದ್ಧದಲ್ಲಿ ಸತ್ತರು ಅಂತ ದಾಖಲಾದರೆ ಕೊನೆಯ ಸಂಬಳದಷ್ಟೂ ಬರುತ್ತದೆ, ಬೇರೆ ಬಗೆಯ ಸಾವಾದರೆ ಕಡಿಮೆ. ಅಗ್ನಿವೀರರ ಲೆಕ್ಕವೇ ಬೇರೆ. 2022ರಿಂದ ಬಂದ ವ್ಯವಸ್ಥೆ, ನಾಲ್ಕೇ ವರ್ಷ, 100ರಲ್ಲಿ ಹೆಚ್ಚೆಂದರೆ 25 ಜನ ಮುಂದುವರಿಯುತ್ತಾರೆ. ಉಳಿದವರಿಗೆ ಪೆನ್ಷನ್ ಇಲ್ಲ. ಸೇವೆಯಲ್ಲಿದ್ದಾಗ 48 ಲಕ್ಷದ ವಿಮೆ ಇದೆ. ಗೊತ್ತಿಲ್ಲದಿದ್ದರೆ ಹಾಸನದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಅವರ ಜೊತೆ ಹೋಗಿ. ಅರ್ಜಿ ಬರೆದುಕೊಡಿ, ಒಂದು ಜೆರಾಕ್ಸ್ ಮನೆಯಲ್ಲಿ ಇಟ್ಟುಕೊಳ್ಳಲು ಹೇಳಿ.

ಅವನು ಮನೆಗೆ ಬಂದಾಗ ‘ಎಷ್ಟು ಜನರನ್ನು ಹೊಡೆದೆ?’ ಅಂತ ಯಾರೂ ಕೇಳಬಾರದು. ಮಕ್ಕಳಿಗೆ ಮೊದಲೇ ಹೇಳಿಡಿ. ಮಕ್ಕಳಿಗಿಂತ ಜಾಸ್ತಿ ದೊಡ್ಡವರೇ ಕೇಳುತ್ತಾರೆ. ಅವನ ಒಪ್ಪಿಗೆ ಕೇಳದೆ ಸನ್ಮಾನ ಇಟ್ಟುಕೊಳ್ಳಬೇಡಿ. ನನ್ನ ಅಣ್ಣನನ್ನು ಒಂದು ಸಭೆಗೆ ಕರೆದು ಶಾಲು ಹೊದಿಸಿದರು. ಆಮೇಲೆ ಭಾಷಣ ಮಾಡಿದವನು ಇನ್ನೊಂದು ಯುದ್ಧ ಆಗಲೇಬೇಕು ಅಂತ ಕೂಗಿದ. ಅಣ್ಣ ಶಾಲನ್ನು ಕುರ್ಚಿಯ ಮೇಲೆ ಮಡಚಿಟ್ಟು ಬಂದ.

ದೀಪಾವಳಿಗೆ, ಮದುವೆ ದಿಬ್ಬಣಕ್ಕೆ ಪಟಾಕಿ ಹಚ್ಚುವಾಗ ಮೊದಲೇ ಒಂದು ಮಾತು ಹೇಳಿ. ಹಾಸನಾಂಬೆಯ ಬಾಗಿಲು ತೆಗೆಯುವ ಆ ದಿನಗಳಲ್ಲಿ ಊರೆಲ್ಲ ಹಬ್ಬ, ನನ್ನ ಅಣ್ಣ ಮಾತ್ರ ತೋಟದ ಮನೆಯಲ್ಲಿ ಮಲಗುತ್ತಿದ್ದ. ತಿಂಗಳುಗಟ್ಟಲೆ ನಿದ್ದೆ ಇಲ್ಲದಿದ್ದರೆ, ಕುಡಿತ ಜಾಸ್ತಿಯಾದರೆ, ಸಾಯುವ ಮಾತಾಡಿದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅತ್ತಿಗೆಗೆ ಆ ಕಾಲದಲ್ಲಿ ಹೀಗೊಂದು ನಂಬರು ಇರಲಿಲ್ಲ.

ಈಗ ಕಷ್ಟದ ಮಾತು. ಯುದ್ಧದಲ್ಲಿ ನಮ್ಮವರೇ ತಪ್ಪು ಮಾಡಿದ್ದರೆ? 1987ರ ಅಕ್ಟೋಬರ್ 21ರಂದು ಜಾಫ್ನಾದ ಆಸ್ಪತ್ರೆಯೊಳಗೆ ನಮ್ಮ ಪಡೆಯ ಗುಂಡಿಗೆ ವೈದ್ಯರು, ದಾದಿಯರು, ರೋಗಿಗಳು ಸತ್ತರು ಅಂತ ಬದುಕುಳಿದವರು ಹೇಳಿದ್ದಾರೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಸೈನಿಕರ ಪರ ಅಂದರೆ ಸತ್ತವರನ್ನು ಮರೆಯುವುದಲ್ಲ. ತನಿಖೆ ಆಗಲಿ ಅಂತ ಕೇಳುವುದು ನಾಗರಿಕರ ಕೆಲಸ. ಆದರೆ ಮನೆಗೆ ಬಂದವನನ್ನು ಕಟಕಟೆಯಲ್ಲಿ ನಿಲ್ಲಿಸುವುದು ತಂಗಿಯ ಕೆಲಸ ಅಲ್ಲ.

ಹನ್ನೊಂದು ವರ್ಷದ ನಂತರ, ಬಾವಿಗೆ ಮೋಟಾರು ಇಳಿಸುತ್ತಿದ್ದಾಗ, ಅಣ್ಣ ತಾನಾಗಿಯೇ ಹೇಳಿದ. ಜಾಫ್ನಾದ ಹತ್ತಿರ ಒಬ್ಬ ಮುದುಕಿ ಬಾವಿಯಿಂದ ನೀರು ಸೇದಿ ಕೊಟ್ಟಳಂತೆ. ಇವನಿಗೆ ತಮಿಳು ಬರುತ್ತಿತ್ತು. ‘ನಿಮ್ಮಮ್ಮನಿಗೆ ಎಷ್ಟು ವಯಸ್ಸು?’ ಅಂತ ಕೇಳಿದಳಂತೆ. ಒಂದು ವಾರ ಬಿಟ್ಟು ಆ ದಾರಿಯಲ್ಲಿ ಹೋದಾಗ ಬಾವಿ ಇತ್ತು, ಮನೆ ಇರಲಿಲ್ಲ. ಯಾರು ಹೊಡೆದರು ಅಂತ ಅವನು ಹೇಳಲಿಲ್ಲ. ನಾನು ಕೇಳಲಿಲ್ಲ. ಹಗ್ಗ ಹಿಡಿದುಕೊಂಡು ಸುಮ್ನೆ ನಿಂತಿದ್ದೆ. ಕೇಳಿಸಿಕೊಳ್ಳುವುದು ಅಂದರೆ ಅಷ್ಟೇ, ನಡುವೆ ಬಾಯಿ ಹಾಕದೆ ಇರುವುದು.

ನಿಮ್ಮನ್ನು ದೇಶದ್ರೋಹಿ ಅನ್ನುವವರು ಸಿಗುತ್ತಾರೆ. ಜಗಳ ಬೇಡ. ಶ್ರವಣಬೆಳಗೊಳದ ಕಥೆ ನೆನಪಿಸಿ. ಭರತ, ಬಾಹುಬಲಿ ಇಬ್ಬರ ಸೈನ್ಯವೂ ಎದುರು ಬದುರು ನಿಂತಾಗ ಮಂತ್ರಿಗಳು ಅಡ್ಡ ಬಂದರು. ಜಗಳ ನಿಮ್ಮಿಬ್ಬರದು, ಸೈನಿಕರು ಯಾಕೆ ಸಾಯಬೇಕು, ನೀವೇ ಹೋರಾಡಿ ಅಂದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಆಗಿದ್ದು ಅದಕ್ಕೇ. ನಮ್ಮ ಜಿಲ್ಲೆಯ ಬೆಟ್ಟದ ಮೇಲೆ ನಿಂತಿರುವವನ ಕಥೆ ಇದು. ತೇಜೂರಿನ ಸುಬೇದಾರ್ ನಾಗೇಶ್ ಅವರನ್ನೂ ನೆನಪಿಸಿ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಜನ ಹೋದರಲ್ಲ, ಅದರಲ್ಲಿ ಅವರೂ ಒಬ್ಬರು. ಒಂದು ಗುಂಡೂ ಹಾರಿರಲಿಲ್ಲ. ಭಾರತ, ಪಾಕಿಸ್ತಾನ ಎರಡೂ ದೇಶ ಆ ಹಿಮದಿಂದ ಕೆಳಗಿಳಿಯಲಿ ಅಂತ ಕೇಳುವವರು ಸೈನಿಕರ ವಿರೋಧಿಗಳು ಹೇಗಾಗುತ್ತಾರೆ?

ಹಾಗೆಯೇ ನಿಮ್ಮ ಜೊತೆ ಯುದ್ಧ ಬೇಡ ಅನ್ನುವವರಲ್ಲೇ ಯಾರಾದರೂ ಸೈನಿಕರನ್ನು ಬಾಡಿಗೆ ಕೊಲೆಗಾರರು ಅಂದರೆ ಅಲ್ಲೇ ತಡೆಯಿರಿ. ಎರಡು ಎಕರೆ ಹೊಲ, ಮೂರು ಜನ ತಂಗಿಯರು ಇರುವ ಹುಡುಗ ಹಾಸನದ ಮೈದಾನದಲ್ಲಿ ಬೆಳಗಿನ ಜಾವ ಓಡುವುದು ಯಾಕೆ ಅಂತ ಅವರಿಗೆ ಗೊತ್ತಿರುವುದಿಲ್ಲ.

ಜಮ್ಮು ಕಡೆ ಡ್ಯೂಟಿಯಲ್ಲಿದ್ದ ನಮ್ಮ ಬೀದಿಯ ಹುಡುಗನಿಗೆ ರಜೆ ಸಿಕ್ಕಿದೆ. ಗುರುವಾರ ಅರಸೀಕೆರೆಯಲ್ಲಿ ಇಳಿಯುತ್ತಾನೆ. “ದೊಡ್ಡಮ್ಮ, ಹಾರ ತಗೊಂಡು ಹೋಗಲಾ?” ಅಂತ ಹುಡುಗಿ ನಿನ್ನೆ ಕೇಳಿದಳು. ಹಾರ ಬೇಡ, ಅವನ ಅಪ್ಪ ಅಮ್ಮ ಮುಂದೆ ಇರಲಿ, ನೀನು ಟ್ರಂಕು ಹಿಡಿದುಕೋ ಅಂದೆ. ಮೂರು ದಿನ ರೈಲಿನಲ್ಲಿ ಕೂತು ಬರುತ್ತಾನೆ, ಬುತ್ತಿಗೆ ಎರಡು ರೊಟ್ಟಿ ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಹೋಗು.