ರಸ್ತೆಯಿಲ್ಲದ ಕಡಲತಡಿ: ಕ್ರೀಟ್ ದ್ವೀಪದಲ್ಲಿ ನಾನು ನಡೆದ ಹನ್ನೆರಡು ದಿನಗಳು

ಗ್ರೀಸ್ ದೇಶಕ್ಕೆ ಸೇರಿದ ಕ್ರೀಟ್ ದ್ವೀಪದ ನೈರುತ್ಯ ಭಾಗದಲ್ಲಿ ‘ಲೆಫ್ಕಾ ಓರಿ’, ಅಂದರೆ ಬಿಳಿ ಪರ್ವತಗಳು, ನೇರವಾಗಿ ಕಡಲಿಗೆ ಇಳಿಯುತ್ತವೆ. 2,453 ಮೀಟರ್ ಎತ್ತರದ ಪಾಖ್ನೆಸ್ ಶಿಖರದ ಈ ಶ್ರೇಣಿಗೂ ಮೆಡಿಟರೇನಿಯನ್‌ನ ಭಾಗವಾದ ಲಿಬಿಯನ್ ಸಮುದ್ರಕ್ಕೂ ನಡುವೆ ಹಲವೆಡೆ ರಸ್ತೆ ಹಾಯಿಸುವಷ್ಟು ಜಾಗವಿಲ್ಲ. ಹೀಗಾಗಿ ಅಯಾ ರುಮೇಲಿ, ಲುತ್ರೊ ಎಂಬ ಊರುಗಳಿಗೆ ಇಂದಿಗೂ ಹಡಗಿನಲ್ಲಿ ಹೋಗಬೇಕು, ಇಲ್ಲವೇ ನಡೆದು ಹೋಗಬೇಕು. ನನ್ನ ಬಳಿ ಹನ್ನೆರಡು ದಿನಗಳಿದ್ದವು. ಸುಮಾರು 260 ಕಿಲೋಮೀಟರ್ ಉದ್ದದ ಇಡೀ ದ್ವೀಪವನ್ನು ಕಾರಿನಲ್ಲಿ ಸುತ್ತುವುದನ್ನು ಬಿಟ್ಟು, ಈ ಒಂದು ಮೂಲೆಯನ್ನು ಮಾತ್ರ ಬಸ್ಸು, ಹಡಗು ಮತ್ತು ಕಾಲ್ನಡಿಗೆಯಲ್ಲಿ ನೋಡುವುದೆಂದು ತೀರ್ಮಾನಿಸಿದೆ.

ಈ ತೀರ್ಮಾನಕ್ಕೆ ನನ್ನ ಊರೂ ಕಾರಣ. ನಾನು ಕುಮಟೆಯ ಕಡೆಯವನು. ಗೋಕರ್ಣದ ಕುಡ್ಲೆಯಿಂದ ಓಂ, ಹಾಫ್‌ಮೂನ್, ಪ್ಯಾರಡೈಸ್ ದಂಡೆಗಳವರೆಗಿನ ಗುಡ್ಡದ ಕಾಲುದಾರಿಯಲ್ಲಿ ಹುಡುಗನಾಗಿದ್ದಾಗಿನಿಂದ ಓಡಾಡಿದ್ದರಿಂದ, ಒಂದು ದಂಡೆಗೂ ಇನ್ನೊಂದು ದಂಡೆಗೂ ನಡುವಿನ ಗುಡ್ಡವನ್ನು ಹತ್ತಿ ಇಳಿಯದೆ ಕರಾವಳಿ ಅರ್ಥವಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಅಲ್ಲಿನ ಕಾಲಮಾನ ನಮ್ಮದಕ್ಕೆ ತಿರುಗುಮುರುಗು. ನಮ್ಮಲ್ಲಿ ಬೇಸಿಗೆ ಕಳೆದು ಮಳೆ ಸುರಿಯುವ ತಿಂಗಳುಗಳಲ್ಲಿ ಅಲ್ಲಿ ಒಂದು ಹನಿಯೂ ಬೀಳುವುದಿಲ್ಲ. ಮಳೆ, ಹಿಮ ಎಲ್ಲವೂ ಚಳಿಗಾಲಕ್ಕೆ. ಜುಲೈ, ಆಗಸ್ಟ್ ತಿಂಗಳ ಬಿಸಿಲು ನಡೆಯುವವರಿಗೆ ಅಪಾಯಕಾರಿ, ಚಳಿಗಾಲದಲ್ಲಿ ಹಡಗುಗಳು ವಿರಳ. ಆದ್ದರಿಂದ ಕಡಲ ನೀರು ಇನ್ನೂ ಬೆಚ್ಚಗಿರುವ, ಜನ ಕಡಿಮೆಯಾಗತೊಡಗುವ ಸೆಪ್ಟೆಂಬರ್ ಕೊನೆಯ ವಾರವನ್ನು ಆರಿಸಿಕೊಂಡೆ.

ಷೆಂಗೆನ್ ವೀಸಾ ಪಡೆದು ಅಥೆನ್ಸ್ ತಲುಪಿ, ಅಲ್ಲಿನ ಪಿರಾಯಸ್ ಬಂದರಿನಿಂದ ರಾತ್ರಿ ಹೊರಡುವ ಹಡಗು ಹತ್ತಿದರೆ ಬೆಳಗಿನ ಜಾವಕ್ಕೆ ಕ್ರೀಟ್‌ನ ಸೂದಾ ಬಂದರು ಸಿಗುತ್ತದೆ. ಅಲ್ಲಿಂದ ಹಾನಿಯಾ ಪಟ್ಟಣಕ್ಕೆ ಬಸ್ಸಿನಲ್ಲಿ ಸ್ವಲ್ಪವೇ ದೂರ. ವೆನಿಸ್‌ನವರು ಕಟ್ಟಿದ ಹಳೆಯ ಬಂದರು, ಅವರ ದೀಪಸ್ತಂಭವನ್ನು 1830ರ ದಶಕದಲ್ಲಿ ಈಜಿಪ್ಟಿನ ಆಡಳಿತ ಮತ್ತೆ ಎತ್ತಿ ನಿಲ್ಲಿಸಿದ ರೂಪ, ನೀರಿನಂಚಿನಲ್ಲೇ ನಿಂತ ಒಟ್ಟೋಮನ್ ಮಸೀದಿ, ಇವೆಲ್ಲ ಒಂದೇ ನೋಟಕ್ಕೆ ಸಿಗುವ ಸುಂದರ ಪಟ್ಟಣವದು. ಅಲ್ಲಿ ಎರಡು ದಿನ ಇದ್ದೆ. ಸಂಜೆಯ ಜನಸಂದಣಿಯನ್ನು ಬಿಟ್ಟು ಬೆಳಗಿನ ಆರು ಗಂಟೆಗೆ ಬಂದರಿನ ಗೋಡೆಯ ಮೇಲೆ ನಡೆದದ್ದು ಸರಿಯಾಯಿತು.

ಮೂರನೆಯ ದಿನ ನಸುಕಿನ ಬಸ್ಸಿನಲ್ಲಿ ಓಮಲೋಸ್ ಪ್ರಸ್ಥಭೂಮಿಗೆ ಹೋಗಿ ಸಮರಿಯಾ ಕಮರಿಗೆ ಇಳಿದೆ. ಸುಮಾರು 1,200 ಮೀಟರ್ ಎತ್ತರದಿಂದ ಸಮುದ್ರಮಟ್ಟದವರೆಗೆ 16 ಕಿಲೋಮೀಟರ್ ಇಳಿಜಾರು. ಏರುವುದಕ್ಕಿಂತ ಇಳಿಯುವುದು ಸುಲಭ ಎಂದುಕೊಂಡವರಿಗೆ ಮೊದಲ ಒಂದು ಗಂಟೆಯಲ್ಲೇ ಮೊಣಕಾಲು ಉತ್ತರ ಹೇಳುತ್ತದೆ. ನಾನು ಒಂದು ಊರುಗೋಲು ಒಯ್ದಿದ್ದೆ, ಎರಡು ಒಯ್ಯಬೇಕಿತ್ತು. 1962ರಲ್ಲಿ ಕಮರಿಯನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದಾಗ ಒಳಗಿದ್ದ ಸಮರಿಯಾ ಹಳ್ಳಿಯ ಜನರನ್ನು ಹೊರಗೆ ಕಳಿಸಲಾಯಿತು. ಆ ಖಾಲಿ ಕಲ್ಲಿನ ಮನೆಗಳ ನಡುವೆ ಕುಳಿತು ಬುತ್ತಿ ಬಿಚ್ಚುವಾಗ, ಅಣೆಕಟ್ಟುಗಳಿಗೆ ಊರು ಬಿಟ್ಟವರನ್ನು ಕಂಡ ಜಿಲ್ಲೆಯಿಂದ ಬಂದ ನನಗೆ ಅನ್ನ ಗಂಟಲಿಗೆ ಇಳಿಯುವುದು ನಿಧಾನವಾಯಿತು. ಮುಂದೆ ಗೋಡೆಗಳು ಹತ್ತಿರ ಹತ್ತಿರ ಬಂದು, ‘ಬಾಗಿಲುಗಳು’ ಎಂದು ಕರೆಯುವ ಜಾಗದಲ್ಲಿ ಕಮರಿಯ ಅಗಲ ನಾಲ್ಕು ಮೀಟರಿಗಿಂತ ಕಡಿಮೆಯಾಗುತ್ತದೆ, ಎರಡೂ ಬದಿಯ ಬಂಡೆ ಸುಮಾರು 300 ಮೀಟರ್ ಮೇಲೇಳುತ್ತದೆ. ದಾರಿಯಲ್ಲಿ ಒರತೆಗಳಿರುವುದರಿಂದ ನೀರು ಹೊರುವ ಚಿಂತೆಯಿಲ್ಲ. ಪ್ರವೇಶದ ಚೀಟಿಯನ್ನು ಮಾತ್ರ ಜೋಪಾನ ಮಾಡಬೇಕು, ಏಕೆಂದರೆ ಒಳಗೆ ಯಾರೂ ಉಳಿದಿಲ್ಲವೆಂದು ತಿಳಿಯಲು ಕೆಳಗಿನ ದ್ವಾರದಲ್ಲಿ ಅದನ್ನು ಮರಳಿ ಪಡೆಯುತ್ತಾರೆ.

ಕಮರಿ ಇಳಿದ ಬಹುತೇಕ ಜನ ಅದೇ ಸಂಜೆಯ ಹಡಗು ಹಿಡಿದು ಹೊರಟುಬಿಡುತ್ತಾರೆ. ನಾನು ಅಯಾ ರುಮೇಲಿಯಲ್ಲಿ ರಾತ್ರಿ ಉಳಿದೆ. ಕೊನೆಯ ಹಡಗು ಹೋದ ಮೇಲೆ ಆ ಊರಿಗೆ ಬರುವ ಮೌನವನ್ನು ಕೇಳಬೇಕಾದರೆ ಅಲ್ಲಿ ಒಂದು ರಾತ್ರಿ ಕಳೆಯಲೇಬೇಕು ಎಂಬುದು ನನ್ನ ಅಭಿಪ್ರಾಯ.

ಮರುದಿನ ಅಲ್ಲಿಂದ ಲುತ್ರೊವರೆಗೆ ಕಡಲಂಚಿನ ದಾರಿ ಹಿಡಿದೆ. ಸ್ಪೇನ್‌ನಿಂದ ಸೈಪ್ರಸ್‌ವರೆಗೆ ಸಾಗುವ ‘ಇ4’ ಎಂಬ ದೀರ್ಘ ಕಾಲುದಾರಿಯ ಒಂದು ತುಣುಕು ಇದು; ಹಳದಿ ಕಪ್ಪು ಗುರುತುಗಳನ್ನು ನೋಡಿಕೊಂಡು ನಡೆಯಬೇಕು. ಮೊದಲ ಒಂದೂವರೆ ಗಂಟೆ ಉರುಟುಗಲ್ಲಿನ ದಂಡೆ. ಅದು ಮುಗಿಯುವಲ್ಲಿ ಅಲೆಗಳಿಂದ ಕೆಲವೇ ಹೆಜ್ಜೆ ದೂರದಲ್ಲಿ ಸಂತ ಪೌಲನ ಹೆಸರಿನ ಸಣ್ಣ ಬೈಜಾಂಟಿನ್ ಗುಡಿ. ಗೋಡೆಯನ್ನು ಹತ್ತಿರದಿಂದ ನೋಡಿದರೆ ಅದೇ ದಂಡೆಯ ಕಲ್ಲುಗಳನ್ನು ಆರಿಸಿ ಕಟ್ಟಿದ್ದು ಕಾಣುತ್ತದೆ. ದೂರದಿಂದ ನೋಡಿದರೆ ದಂಡೆಯೇ ಎದ್ದು ಕುಳಿತಂತಿದೆ. ಅಲ್ಲಿಂದ ದಾರಿ ಪೈನ್ ಮರಗಳ ಗುಡ್ಡ ಹತ್ತುತ್ತದೆ. ಇಲ್ಲಿ ನಾನು ತಪ್ಪು ಮಾಡಿದೆ. ಕಮರಿಯಲ್ಲಿ ಹೆಜ್ಜೆ ಹೆಜ್ಜೆಗೂ ನೀರು ಸಿಕ್ಕಿದ್ದರಿಂದ ಇಲ್ಲಿಯೂ ಸಿಗುತ್ತದೆಂದು ನಂಬಿ ಒಂದೂವರೆ ಲೀಟರ್ ಮಾತ್ರ ಒಯ್ದಿದ್ದೆ. ಗುಡಿಯ ಬಳಿಯ ಟವೆರ್ನಾ, ಅಂದರೆ ಊಟದ ಮನೆ, ದಾಟಿದ ಮೇಲೆ ಅರಡೇನಾ ಕಮರಿ ಕಡಲು ಸೇರುವ ಮಾರ್ಮರಾ ದಂಡೆಯವರೆಗೆ ನೀರಿಲ್ಲ, ಕೊನೆಯ ಭಾಗದಲ್ಲಿ ನೆರಳೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆ ತಿರುಗತೊಡಗಿ ಒಂದು ಬಂಡೆಯ ಮರೆಯಲ್ಲಿ ಅರ್ಧ ಗಂಟೆ ಕುಳಿತೆ. ಒಬ್ಬರಿಗೆ ಮೂರು ಲೀಟರ್ ಬೇಕು, ಏಳು ಗಂಟೆಯೊಳಗೆ ಹೊರಡಬೇಕು, ಇದರಲ್ಲಿ ರಾಜಿಯಿಲ್ಲ.

ಲುತ್ರೊ ಒಂದು ಕುದುರೆಲಾಳದಂಥ ಕೊಲ್ಲಿ, ಅದರ ಸುತ್ತ ಒಂದು ಸಾಲು ಬಿಳಿ ಮನೆಗಳು. ಪ್ರಾಚೀನ ಕಾಲದ ಫೀನಿಕ್ಸ್ ಬಂದರು ಇದೇ. ಪೌಲನನ್ನು ರೋಮಿಗೆ ಒಯ್ಯುತ್ತಿದ್ದ ಹಡಗು ಚಳಿಗಾಲ ಕಳೆಯಲು ಹೊರಟಿದ್ದು ಇಲ್ಲಿಗೆ. ಬಿರುಗಾಳಿಗೆ ಸಿಕ್ಕಿ ಮಾಲ್ಟಾದಲ್ಲಿ ಒಡೆದುಹೋಯಿತೆಂದು ಬೈಬಲ್‌ನಲ್ಲಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ಸಂಗತಿ. ಊಟದ ಮೇಜುಗಳು ನೀರಿಗೆ ಒಂದು ಗಜ ದೂರದಲ್ಲಿವೆ, ಮನೆಯ ಮೆಟ್ಟಿಲುಗಳು ನೀರಿಗೇ ಇಳಿಯುತ್ತವೆ. ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ ನೋಡಿ ಬೆಳೆದವನಿಗೆ ಇದು ನಂಬಲಾಗದ ಧೈರ್ಯವಾಗಿ ಕಂಡಿತು. ಮೊದಲ ಸಂಜೆ ಒಂದು ಮೆಟ್ಟಿಲನ್ನು ಗುರುತಿಟ್ಟುಕೊಂಡು ನೋಡಿದೆ. ಮಲಗುವ ಮುನ್ನ ನೋಡಿದೆ, ಬೆಳಿಗ್ಗೆ ಎದ್ದು ನೋಡಿದೆ. ನೀರು ಅದೇ ಮೆಟ್ಟಿಲಿನಲ್ಲಿ, ಹೆಚ್ಚೆಂದರೆ ಒಂದು ಗೇಣಿನ ವ್ಯತ್ಯಾಸ. ಮೆಡಿಟರೇನಿಯನ್ ಹೆಚ್ಚುಕಡಿಮೆ ಮುಚ್ಚಿದ ಸಮುದ್ರ. ಜಿಬ್ರಾಲ್ಟರ್‌ನ ಕಿರಿದಾದ ಬಾಯಿಯಿಂದ ಅಟ್ಲಾಂಟಿಕ್‌ನ ಉಬ್ಬರ ಒಳಗೆ ಬರಲಾರದು. ಪುಸ್ತಕದಲ್ಲಿ ಓದಿದ್ದ ಈ ಮಾತು ಮೆಟ್ಟಿಲಿನ ಮೇಲೆ ಕಣ್ಣಾರೆ ಕಂಡಾಗಲೇ ಮನಸ್ಸಿಗೆ ಇಳಿದದ್ದು.

ಲುತ್ರೊದಿಂದ ಪೂರ್ವಕ್ಕೆ ಒಂದು ಗಂಟೆಗೂ ಹೆಚ್ಚು ನಡೆದರೆ ‘ಗ್ಲಿಕಾ ನೆರಾ’, ಅಂದರೆ ಸಿಹಿನೀರು ಎಂಬ ದಂಡೆ. ಹಿಂದೆ ಕಡಿದಾದ ಬಂಡೆ, ಮುಂದೆ ಉಪ್ಪಿನ ಕಡಲು, ನಡುವೆ ಬೂದುಬಣ್ಣದ ಉರುಟುಗಲ್ಲುಗಳ ಒಂದು ಪಟ್ಟಿ. ಅಲ್ಲಿ ಯಾರೋ ತೋಡಿಟ್ಟ ಗುಂಡಿಯ ಪಕ್ಕದಲ್ಲಿ ಮಂಡಿಯೂರಿ ನಾನೂ ಕೈಯಿಂದ ಕಲ್ಲುಗಳನ್ನು ಸರಿಸಿದೆ. ಮೊಣಕೈ ಆಳಕ್ಕೆ ಹೋಗುವಷ್ಟರಲ್ಲಿ ತಳದಲ್ಲಿ ನೀರು ಒಸರಿ, ಮೊದಲು ಕದಡಿ, ನಿಮಿಷದೊಳಗೆ ತಿಳಿಯಾಯಿತು. ಬೊಗಸೆಯಲ್ಲಿ ಎತ್ತಿ ಕುಡಿದೆ: ಹಲ್ಲು ಜುಮ್ಮೆನ್ನುವಷ್ಟು ತಂಪು, ಉಪ್ಪಿನ ಸುಳಿವೇ ಇಲ್ಲ. ಅಲೆ ಬಂದು ತಾಗುವ ಜಾಗ ಅಲ್ಲಿಂದ ಹತ್ತು ಹೆಜ್ಜೆಯೂ ಇರಲಿಲ್ಲ. ಬಿಳಿ ಪರ್ವತಗಳು ಸುಣ್ಣಕಲ್ಲಿನವು. ಮೇಲೆ ಬಿದ್ದ ಮಳೆಯೂ ಕರಗಿದ ಹಿಮವೂ ಬಿರುಕುಗಳಲ್ಲಿ ಇಳಿದು, ಪರ್ವತದ ಹೊಟ್ಟೆಯಲ್ಲಿ ಹರಿದು, ಕಡಲ ಮಟ್ಟದಲ್ಲಿ ಹೀಗೆ ಹೊರಬರುತ್ತವೆ. ಬೇಸಿಗೆಯಲ್ಲಿ ನಮ್ಮ ಹಳ್ಳದ ಮರಳಿನಲ್ಲಿ ಅಜ್ಜಿ ಒರತೆ ತೋಡಿ, ತೆಂಗಿನ ಚಿಪ್ಪಿನಲ್ಲಿ ನೀರು ಮೊಗೆದು ಕೊಡಕ್ಕೆ ತುಂಬುತ್ತಿದ್ದುದು ನೆನಪಾಯಿತು. ಆ ದಂಡೆಯಲ್ಲಿ ಅಷ್ಟು ಹೊತ್ತು ಕುಳಿತದ್ದರಿಂದ ಹೋರಾ ಸ್ಫಾಕಿಯಾನ್ ಪಟ್ಟಣವನ್ನು ಅವಸರದಲ್ಲಿ ನೋಡಬೇಕಾಯಿತು. 1941ರ ಮೇ ಕೊನೆಯಲ್ಲಿ, ಕ್ರೀಟ್ ಜರ್ಮನ್ ಸೈನ್ಯದ ವಶವಾಗುತ್ತಿದ್ದಾಗ, ಸಾವಿರಾರು ಮಿತ್ರಪಡೆಯ ಸೈನಿಕರು ಪರ್ವತ ದಾಟಿ ಬಂದು ಈಜಿಪ್ಟಿಗೆ ಒಯ್ಯುವ ಹಡಗುಗಳಿಗಾಗಿ ಕಾದದ್ದು ಅಲ್ಲಿನ ಪುಟ್ಟ ಧಕ್ಕೆಯಲ್ಲಿ. ಎಲ್ಲರಿಗೂ ಹಡಗು ಸಿಗಲಿಲ್ಲ.

ಊಟದ ಬಗ್ಗೆ ಹೇಳಲೇಬೇಕು, ಏಕೆಂದರೆ ನಾನು ಸಸ್ಯಾಹಾರಿ. ಅಲ್ಲಿ ನನಗೆ ದಾರಿ ತೋರಿಸಿದ ಪದ ‘ನಿಸ್ತೀಸಿಮೊ’. ಆರ್ಥೊಡಾಕ್ಸ್ ಕ್ರೈಸ್ತರು ವ್ರತದ ದಿನಗಳಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಬಿಟ್ಟು ಉಣ್ಣುವ ಅಡುಗೆಗೆ ಈ ಹೆಸರು. ಈ ಪದ ಹೇಳಿದ ಕೂಡಲೇ ಅಡುಗೆಮನೆಯವರ ಮುಖದಲ್ಲಿ ಗೌರವ ಮೂಡುತ್ತಿತ್ತು. ಬೇಯಿಸಿದ ಕಾಡುಸೊಪ್ಪು, ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಬೆಂಡೆ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ ಬರುತ್ತಿದ್ದವು. ಆದರೆ ಅವರ ವ್ರತದಲ್ಲಿ ಆಕ್ಟೋಪಸ್ಸೂ ಚಿಪ್ಪುಮೀನೂ ನಿಷಿದ್ಧವಲ್ಲ, ಆದ್ದರಿಂದ ಅವೂ ಬೇಡವೆಂದು ಬಿಡಿಸಿ ಹೇಳಬೇಕು. ಹಾಲು ಉಣ್ಣುವವರು ಒಣಗಿಸಿದ ಜವೆಯ ರೊಟ್ಟಿಯ ಮೇಲೆ ಟೊಮೆಟೊ, ಚೀಸ್ ಹರಡಿದ ‘ಡಾಕೋಸ್’ ಅನ್ನೂ, ಒಳಗೆ ಚೀಸ್ ತುಂಬಿ ತಟ್ಟಿ ಸುಟ್ಟು ಜೇನು ಸುರಿದ ಸ್ಫಾಕಿಯಾದ ‘ಪೀಟಾ’ವನ್ನೂ ಬಿಡಬಾರದು. ಎರಡನೆಯದನ್ನು ಮೊದಲ ಬಾರಿ ತಿಂದಾಗ ಹೋಳಿಗೆಯ ದೂರದ ನೆಂಟನೆನಿಸಿತು.

ಲುತ್ರೊದಲ್ಲಿ ಮೂರು ರಾತ್ರಿಯ ಬದಲು ನಾಲ್ಕು ರಾತ್ರಿ ಇರಬೇಕಾಯಿತು. ದಕ್ಷಿಣದ ಗಾಳಿ ಎದ್ದು, ಆಫ್ರಿಕಾದ ಧೂಳಿನಿಂದ ಆಕಾಶ ಕೆಂಬಣ್ಣಕ್ಕೆ ತಿರುಗಿ, ಆ ದಿನದ ಹಡಗು ನಿಂತುಹೋಯಿತು. ಮುಂದಿನ ಊರಿನಲ್ಲಿ ಕಾಯ್ದಿರಿಸಿದ್ದ ಕೋಣೆಯ ಬಾಡಿಗೆ ಕಳೆದುಕೊಂಡೆ. ಹಡಗನ್ನೇ ನಂಬಿದ ಪ್ರಯಾಣದಲ್ಲಿ ಒಂದು ದಿನವನ್ನು ಖಾಲಿ ಬಿಟ್ಟುಕೊಳ್ಳಬೇಕು, ಮುಖ್ಯವಾಗಿ ಮರಳುವ ವಿಮಾನದ ಹಿಂದಿನ ದಿನವನ್ನು.

ಗಾಳಿ ನಿಂತ ಮೇಲೆ ಪಶ್ಚಿಮಕ್ಕೆ ಹೊರಟ ಹಡಗಿನ ಮೇಲಟ್ಟದಲ್ಲಿ ನಿಂತು ದಂಡೆ ನೋಡುತ್ತ ಹೋದೆ. ಬಂಡೆಗಳ ಮೈಮೇಲೆ, ನೀರಿನಿಂದ ಮೇಲೆ, ಉದ್ದಕ್ಕೂ ಒಂದು ಗೆರೆ. ಸ್ನಾನದ ಹಂಡೆಯಲ್ಲಿ ನೀರು ಇಳಿದ ಮೇಲೆ ಉಳಿಯುವ ಗುರುತಿನಂತೆ ಸಮವಾದ, ಒಳಗೆ ಕೊರೆದ ಗೆರೆ. ಅಯಾ ರುಮೇಲಿ ದಾಟಿ ಸೂಯಾ ಎಂಬ ಊರು ಸಮೀಪಿಸಿದಂತೆ ಅದು ಇನ್ನೂ ಮೇಲೇರುತ್ತಿತ್ತು. ಕ್ರಿ.ಶ. 365ರ ಜುಲೈ 21ರಂದು ನಡೆದ ಮಹಾಭೂಕಂಪದಲ್ಲಿ ಪಶ್ಚಿಮ ಕ್ರೀಟ್ ಒಂದೇ ಏಟಿಗೆ ಮೇಲೆದ್ದಿತು. ನೈರುತ್ಯ ಮೂಲೆಯಲ್ಲಿ ಒಂಬತ್ತು ಮೀಟರಿನವರೆಗೆ, ಪೂರ್ವಕ್ಕೆ ಬಂದಂತೆ ಕಡಿಮೆ. ಆಗ ಎದ್ದ ಸುನಾಮಿ ಅಲೆಕ್ಸಾಂಡ್ರಿಯಾವನ್ನು ಹಾಳುಗೆಡವಿತು. ಉಬ್ಬರವಿಳಿತವಿಲ್ಲದ ಕಡಲು ಶತಮಾನಗಳ ಕಾಲ ಒಂದೇ ಎತ್ತರದಲ್ಲಿ ಬಂಡೆಯನ್ನು ಕೊರೆದದ್ದರಿಂದಲೇ ಗೆರೆ ಇಷ್ಟು ಸ್ಪಷ್ಟ. ಲುತ್ರೊದ ಮೆಟ್ಟಿಲಿಗೂ ಈ ಗೆರೆಗೂ ಇರುವ ಸಂಬಂಧ ಹೊಳೆದ ಆ ಗಳಿಗೆಗಾಗಿಯೇ ನಾನು ಅಷ್ಟು ದೂರ ಹೋಗಿದ್ದೆನೇನೋ ಎನಿಸಿತು. ಸೂಯಾದಲ್ಲಿ ಇಳಿದು, ಬಂದರಿನ ಬಳಿಯ ಬಂಡೆಯ ಗೆರೆಯಡಿ ಕೈಯಾಡಿಸಿದೆ. ಕಲ್ಲು ಕೊರೆದು ನೀರಿನೊಳಗೆ ಬಾಳುವ ಚಿಪ್ಪುಜೀವಿಗಳ ತೂತುಗಳು, ಬೆರಳು ಹೋಗುವಷ್ಟು ದೊಡ್ಡವು, ಒಣಬಿಸಿಲಿನಲ್ಲಿ, ನನ್ನ ತಲೆಯ ಮಟ್ಟಕ್ಕಿಂತ ಮೇಲೆಯೂ ಇದ್ದವು.

ಮುಂದೆ ಪಾಲೆಯೊಹೋರಾ ಎಂಬ ಊರಿನಿಂದ ಎಲಫೊನಿಸಿ ದಂಡೆಗೆ ಹೋಗಿಬಂದೆ. ಸೂಕ್ಷ್ಮ ಕಡಲಜೀವಿಗಳ ಕೆಂಪು ಚಿಪ್ಪಿನ ಪುಡಿಯಿಂದ ಅಲ್ಲಿನ ಮರಳಿಗೆ ಗುಲಾಬಿ ಛಾಯೆ ಬಂದಿದೆ, ಅದನ್ನು ಒಯ್ಯುವುದು ನಿಷಿದ್ಧ. ಚೆಂದದ ಜಾಗ, ಆದರೆ ಹತ್ತು ಗಂಟೆಯ ಮೇಲೆ ಕೊಡೆಗಳ ನಡುವೆ ಮರಳು ಹುಡುಕಬೇಕು.

ಕೊನೆಯ ಇಡೀ ದಿನವನ್ನು ಪಶ್ಚಿಮ ತೀರದ ಫಲಸಾರ್ನಾಕ್ಕೆ ಇಟ್ಟುಕೊಂಡಿದ್ದೆ. ಅಲ್ಲಿನ ಉದ್ದದ ದಂಡೆಯಲ್ಲಿ ನಿಲ್ಲದೆ, ಆಲಿವ್ ತೋಟಗಳ ನಡುವಿನ ಮಣ್ಣುದಾರಿಯಲ್ಲಿ ಉತ್ತರಕ್ಕೆ ನಡೆದರೆ ಪ್ರಾಚೀನ ನಗರದ ಅವಶೇಷಗಳು. ಕೋಟೆಗೋಡೆಯೊಳಗೆ ಒಂದು ಬಂದರು ಇತ್ತು, ಕಾಲುವೆ ತೋಡಿ ಅದಕ್ಕೆ ಕಡಲನ್ನು ಒಳಗೆ ತಂದಿದ್ದರು. ಭೂಮಿ ಆರು ಮೀಟರಿಗೂ ಹೆಚ್ಚು ಮೇಲೆದ್ದು ಆ ಬಂದರು ಇಂದು ಒಣನೆಲ. ಹಡಗುಗಳು ತೇಲುತ್ತಿದ್ದ ಜಾಗದಲ್ಲಿ ಮೊಣಕಾಲೆತ್ತರದ ಮುಳ್ಳುಗಿಡಗಳು, ಅವುಗಳ ಮೇಲೆ ಬಿಳಿ ಬಸವನಹುಳುಗಳು ಗೊಂಚಲು ಗೊಂಚಲಾಗಿ ಅಂಟಿ ಮಲಗಿದ್ದವು. ಧಕ್ಕೆಯ ಅಂಚಿನಲ್ಲಿ ಹಗ್ಗ ಕಟ್ಟುವ ಕಲ್ಲೊಂದರ ಪಕ್ಕ ಕಾಲು ಇಳಿಬಿಟ್ಟು ಕುಳಿತೆ. ನೀರು ಅಲ್ಲಿರಲಿಲ್ಲ, ಅದರ ಸದ್ದು ಮಾತ್ರ ಬಂಡೆಗಳ ಆಚೆಯಿಂದ ಕೇಳುತ್ತಿತ್ತು.