ಜೋಗಕ್ಕೆ ಹೊರಡುವ ಮುಂಚೆ ಪೇಪರ್ ನೋಡಿ

ಜೋಗಕ್ಕೆ ಯಾವಾಗ ಹೋದರೆ ಚೆನ್ನ ಅಂತ ಯಾರಾದರೂ ಕೇಳಿದರೆ ನಾನು ತಿಂಗಳ ಹೆಸರು ಹೇಳುವುದಿಲ್ಲ. ಪೇಪರ್ ನೋಡಿ ಅನ್ನುತ್ತೇನೆ. ಮಳೆಗಾಲದಲ್ಲಿ ಜಲಾಶಯಗಳ ನೀರಿನ ಮಟ್ಟ ಹಾಕುತ್ತಾರಲ್ಲ, ಅದರಲ್ಲಿ ಲಿಂಗನಮಕ್ಕಿಯ ಸಾಲು ಹುಡುಕಿ. ಗರಿಷ್ಠ ಮಟ್ಟ 1819 ಅಡಿ. ನೀರು ಅದರ ಹತ್ತಿರ ಬಂದು, ಇನ್ನೇನು ಗೇಟ್ ತೆಗೆಯುತ್ತಾರೆ ಅನ್ನುವ ಸುದ್ದಿ ಬಂತೋ, ನಮ್ಮ ಮನೆಯಲ್ಲಿ ಬ್ಯಾಗ್ ಕೆಳಗಿಳಿಯುತ್ತದೆ.

ಶರಾವತಿ ಇಲ್ಲಿ 253 ಮೀಟರ್ ಕೆಳಗೆ ಬೀಳುತ್ತಾಳೆ, ನಿಜ. ಆದರೆ ಸುಮಾರು ಆರು ಕಿಲೋಮೀಟರ್ ಮೇಲೆ 1964ರಿಂದ ಲಿಂಗನಮಕ್ಕಿ ಅಣೆಕಟ್ಟು ನಿಂತಿದೆ. ನೀರು ಮೊದಲು ಕರೆಂಟಿಗೆ, ಉಳಿದರೆ ನಮಗೆ. ಹಾಗಾಗಿ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದವರು ರಾಜ, ರಾಣಿ, ರೋರರ್, ರಾಕೆಟ್ ಎಲ್ಲಿ ಅಂತ ಬಂಡೆಯ ಮೇಲೆ ಹುಡುಕಬೇಕಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಸುತ್ತಲಿನ ಮಳೆಗೇ ಒಳ್ಳೆ ನೀರು ಇರುತ್ತದೆ, ಆಗ ಮಂಜಿನ ಕಾಟ. ಎದುರಿಗೆ ಬರೀ ಬಿಳಿ, ಸದ್ದು ಮಾತ್ರ. ಬಂದ ಹತ್ತು ನಿಮಿಷಕ್ಕೇ ಬೇಸರ ಮಾಡಿಕೊಂಡು ಕಾರು ಹತ್ತುವವರನ್ನು ತುಂಬಾ ನೋಡಿದ್ದೇನೆ. ಸುಮ್ನೆ ಒಂದು ಕಡೆ ಕೂತು ಜೋಳ ತಿನ್ನಿ. ಗಾಳಿ ಬೀಸಿದಾಗ ಪರದೆ ಸರಿಯುತ್ತದೆ, ಸ್ವಲ್ಪ ಹೊತ್ತು ಪೂರ್ತಿ ಕಾಣುತ್ತದೆ, ಮತ್ತೆ ಮುಚ್ಚುತ್ತದೆ. ಕಾಯಲು ಮನಸ್ಸಿಲ್ಲದಿದ್ದರೆ ಆ ತಿಂಗಳುಗಳಲ್ಲಿ ಹೋಗಲೇಬೇಡಿ.

ಈ ಅಣೆಕಟ್ಟಿನ ಲೆಕ್ಕ ತಲೆಗೆ ಹೋದಮೇಲೆ ನಾವು ಪ್ರವಾಸ ಹಾಕುವ ರೀತಿಯೇ ಬೇರೆ ಆಯಿತು. ಯಾವ ಜಲಪಾತ ಅಂತ ನೋಡುವ ಮುಂಚೆ ಯಾವ ಹೊಳೆ ಅಂತ ನೋಡುತ್ತೇವೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಬೇಡ್ತಿಗೂ ಒಮ್ಮೆ ವಿದ್ಯುತ್ ಯೋಜನೆ ಬರುವುದರಲ್ಲಿತ್ತು. ಶಿರಸಿ, ಯಲ್ಲಾಪುರದ ಕಡೆಯ ಜನ ಹಟ ಹಿಡಿದು ವಿರೋಧಿಸಿದರು, ನಿಂತಿತು. ಹಾಗಾಗಿ ಈ ಎರಡು ಹೊಳೆಗಳ ಜಲಪಾತಕ್ಕೆ ಮಳೆ ಬಿಟ್ಟಮೇಲೆ, ಅಕ್ಟೋಬರ್, ನವೆಂಬರ್‌ನಲ್ಲಿ ಆರಾಮಾಗಿ ಹೋಗಬಹುದು. ನೀರೂ ಇರುತ್ತದೆ, ಮಂಜೂ ಇರುವುದಿಲ್ಲ.

ನಾವು ಹುಬ್ಬಳ್ಳಿ ಕಡೆಯಿಂದ ಯಲ್ಲಾಪುರಕ್ಕೆ ಇಳಿಯುತ್ತೇವೆ. ಮೊದಲು ಸಾತೊಡ್ಡಿ ಜಲಪಾತ. ಎತ್ತರ 15 ಮೀಟರ್ ಅಷ್ಟೇ, ಫೋಟೋದಲ್ಲಿ ಏನೂ ಅನ್ನಿಸುವುದಿಲ್ಲ. ಕಾಡಿನ ದಾರಿಯಲ್ಲಿ ನಡೆದು ಹೋಗಿ ಅದರ ಎದುರಿಗೇ ನಿಲ್ಲಬಹುದು, ಅದೇ ಅದರ ಹೆಚ್ಚುಗಾರಿಕೆ. ನೀರು ಮುಂದೆ ಕಾಳಿ ನದಿಯ ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರಿಗೆ ಸೇರುತ್ತದೆ. ಮಳೆ ಜೋರಿದ್ದಾಗ ಇಲ್ಲಿಗೆ ಬಿಡದೆ ಇರುವುದೂ ಉಂಟು, ಯಲ್ಲಾಪುರದಲ್ಲೇ ಕೇಳಿಕೊಂಡು ಹೊರಡಿ. ಬಿಟ್ಟರೂ ನೀರಿಗಿಳಿಯುವ ಧೈರ್ಯ ಬೇಡ. ಮೇಲೆ ಎಲ್ಲೋ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದಾಗಲೇ ನೀರು ಏರುತ್ತದೆ.

ಮಾಗೋಡಿಗೆ ಸಂಜೆ ನಾಲ್ಕರ ಹೊತ್ತಿಗೆ ಹೋಗುವುದು ಒಳ್ಳೆಯದು. ಬೇಡ್ತಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಬೀಳುವುದನ್ನು ಕಣಿವೆಯ ಈಚೆಯಿಂದ ನೋಡಬೇಕು, ಕೆಳಗೆ ಇಳಿಯುವ ಮಾತಿಲ್ಲ. ನೋಡಿ ಮುಗಿಸಿ ಹತ್ತಿರದ ಜೇನುಕಲ್ಲು ಗುಡ್ಡಕ್ಕೆ ಹೋದರೆ ಅದೇ ಬೇಡ್ತಿ ಕಾಡಿನ ಮಧ್ಯೆ ಸಣ್ಣಗೆ ಹೊಳೆಯುತ್ತಾ ಕಾಣುತ್ತದೆ. ಸೂರ್ಯ ಮುಳುಗುವುದೂ ಅಲ್ಲೇ.

ರಾತ್ರಿಗೆ ಶಿರಸಿ. ಊಟ, ಪೆಟ್ರೋಲು, ನಗದು ಎಲ್ಲಾ ಇಲ್ಲೇ ಮುಗಿಸಿಕೊಳ್ಳಿ. ಮುಂದಿನ ಹಳ್ಳಿ ದಾರಿಗಳಲ್ಲಿ ನೆಟ್‌ವರ್ಕ್ ಸಿಗುವುದು ಅದೃಷ್ಟ, ಯುಪಿಐ ನಂಬಿಕೊಂಡು ಹೋಗಬೇಡಿ. ಮ್ಯಾಪ್ ಕೂಡ ಯಾರದೋ ಅಡಿಕೆ ತೋಟದೊಳಗೆ ಕರೆದುಕೊಂಡು ಹೋಗುತ್ತದೆ. ಒಮ್ಮೆ ಹಾಗೆ ಹೊರಟಿದ್ದಾಗ ಹಿರಿಯರೊಬ್ಬರು ಕೈ ಅಡ್ಡ ಹಿಡಿದು, ‘ತಮಾ, ಗಾಡಿ ಇಲ್ಲೇ ನಿಲ್ಲಿಸು, ಮುಂದೆ ತಿರುಗಿಸಲಿಕ್ಕೆ ಜಾಗ ಇಲ್ಲ’ ಅಂದರು. ಆಮೇಲೆ ಮನೆಗೆ ಕರೆದು ಕಷಾಯ ಕೊಟ್ಟರು, ದಾರಿಯನ್ನೂ ಹೇಳಿದರು.

ನನ್ನ ಮಟ್ಟಿಗೆ ಇಡೀ ಸುತ್ತಾಟದಲ್ಲಿ ಉಂಚಳ್ಳಿಯೇ ಮೊದಲು. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಹತ್ತಿರ ಅಘನಾಶಿನಿ 116 ಮೀಟರ್ ಎತ್ತರದಿಂದ ಬೀಳುತ್ತಾಳೆ. 1845ರಲ್ಲಿ ಬ್ರಿಟಿಷ್ ಕಲೆಕ್ಟರ್ ಲಷಿಂಗ್ಟನ್ ಇದನ್ನು ‘ಕಂಡುಹಿಡಿದ’ ಅಂತ ಅವನ ಹೆಸರಲ್ಲೂ ಕರೆಯುವುದುಂಟು. ಊರವರು ಅಷ್ಟು ದಿನ ಏನು ಕಣ್ಣು ಮುಚ್ಚಿಕೊಂಡಿದ್ದರಾ? ಕೆಪ್ಪಜೋಗ ಅಂತ ಅವರಿಟ್ಟ ಹೆಸರೇ ಇದೆ. ಕಾರು ನಿಲ್ಲಿಸಿದ ಮೇಲೆ ನಡೆಯಬೇಕು, ನಂತರ ಮೆಟ್ಟಿಲು. ಮಂಡಿನೋವಿನ ಅಮ್ಮನನ್ನು ನಾವು ಮೇಲಿನ ವೀಕ್ಷಣಾ ಜಾಗದಲ್ಲೇ ಕೂರಿಸುತ್ತೇವೆ. ಅಲ್ಲಿಂದಲೂ ಚೆನ್ನಾಗಿಯೇ ಕಾಣುತ್ತದೆ. ಜೋಗದಷ್ಟು ಜನ ಇರುವುದಿಲ್ಲ, ಅಂಗಡಿ ಸಾಲಿಲ್ಲ.

ಉಂಬಳದ, ಅಂದರೆ ಜಿಗಣೆಯ ವಿಷಯ. ಮಳೆಗಾಲದಲ್ಲಿ ಹತ್ತೇ ಹತ್ತುತ್ತವೆ, ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಕಿತ್ತು ಎಳೆಯಬೇಡಿ. ಒಂದು ಡಬ್ಬಿಯಲ್ಲಿ ಸುಣ್ಣ ಅಥವಾ ಉಪ್ಪು ಇರಲಿ, ತಾಗಿಸಿದರೆ ಬಿಟ್ಟು ಬೀಳುತ್ತದೆ. ರಕ್ತ ನೋಡಿ ಹೆದರಬೇಡಿ, ನಿಲ್ಲುವುದು ಸ್ವಲ್ಪ ತಡ, ಅಷ್ಟೇ.

ಉಂಚಳ್ಳಿಯಿಂದ ಸಿದ್ದಾಪುರಕ್ಕೆ ಬಂದು ಜೋಗ, ಅಲ್ಲಿಂದ ಸಾಗರ. ಬೆಂಗಳೂರು ಕಡೆಯವರು ಇದನ್ನೇ ಉಲ್ಟಾ ಮಾಡಿಕೊಂಡರೆ ಆಯಿತು. ಇನ್ನೂ ಒಂದು ದಿನ ಕೈಯಲ್ಲಿದ್ದರೆ ಶಿರಸಿಯಿಂದ ಯಾಣ, ಹಾಗೇ ವಿಭೂತಿ ಜಲಪಾತ ಸೇರಿಸಿಕೊಳ್ಳಿ. ಎಲ್ಲವನ್ನೂ ಒಂದೇ ವಾರಾಂತ್ಯಕ್ಕೆ ತುರುಕಲು ಹೋದರೆ ಘಟ್ಟದ ತಿರುವು ದಾರಿಯಲ್ಲೇ ಹೊತ್ತು ಮುಗಿಯುತ್ತದೆ. ಹಿಂದಿನ ಸೀಟಿನವರಿಗೆ ವಾಂತಿ ಬೇರೆ.